ಗ್ರಹಣದ ತಪ್ಪೂ ಅಲ್ಲ, ತಾಯಿಯ ತಪ್ಪೂ ಅಲ್ಲ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯಿರಲಿ, ಸುತ್ತಲಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿರಲಿ, ಸೀಳುತುಟಿಯ ಕೂಸು ಹುಟ್ಟಿದ ಮನೆಯಲ್ಲಿ ಇಂದಿಗೂ ಕೇಳಿಬರುವ ಮಾತೊಂದಿದೆ: ‘ಗ್ರಾಣ ಹಿಡಿದಾಗ ಏನಾರ ಕುಯ್ದಿದ್ಯೇನವ್ವ?’ ಕೇಳುವವರು ಕೆಡುಕರಲ್ಲ. ಅತ್ತೆ, ಓರಗಿತ್ತಿ, ಬಾಣಂತನಕ್ಕೆ ನಿಂತ ಹೆತ್ತಮ್ಮ, ಎಲ್ಲರಿಗೂ ಆ ಕೂಸಿನ ಮೇಲೆ ಕನಿಕರವಿರುತ್ತದೆ. ಆದರೆ ಪ್ರಶ್ನೆ ಬಂದು ಬೀಳುವುದು ಮಾತ್ರ ಹಸಿ ಬಾಣಂತಿಯ ಮೇಲೆ. ಅವಳು ನೆನಪನ್ನೆಲ್ಲ ಕೆದಕಿ ನೋಡುತ್ತಾಳೆ. ಒಂಬತ್ತು ತಿಂಗಳಲ್ಲಿ ಎಂದೋ ಒಂದು ದಿನ ಸೊಪ್ಪು ಹೆಚ್ಚಿದ್ದು, ಹರಿದ ಬಟ್ಟೆಗೆ ಸೂಜಿ ಹಾಕಿದ್ದು ನೆನಪಾಗಿಯೇ ಆಗುತ್ತದೆ. ಅಲ್ಲಿಗೆ ತೀರ್ಪು ಬಂದಂತೆ. ಕೂಸಿನ ತುಟಿಗೆ ಆರು ತಿಂಗಳೊಳಗೆ ಹೊಲಿಗೆ ಬಿದ್ದು ಸರಿಹೋಗಬಹುದು, ತಾಯಿಯ ಮೇಲೆ ಬಿದ್ದ ಆ ಮಾತು ಮಗು ಶಾಲೆಗೆ ಹೋಗುವ ವಯಸ್ಸಾದರೂ ಇಳಿಯುವುದಿಲ್ಲ.

ಮೇಲ್ತುಟಿಯ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುವುದು ಭ್ರೂಣಕ್ಕೆ ಆರೇಳು ವಾರ ತುಂಬುವ ಹೊತ್ತಿಗೆ. ಬಾಯಿಯ ಅಂಗುಳ ಮುಚ್ಚಿಕೊಳ್ಳಲು ಇನ್ನೂ ಕೆಲವು ವಾರ. ಐದನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ಗ್ರಹಣ ಬಂದರೆ, ಅಷ್ಟರಲ್ಲಿ ತುಟಿ ರೂಪುಗೊಂಡು ತಿಂಗಳುಗಳೇ ಕಳೆದಿರುತ್ತವೆ. ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಸೀಳುತುಟಿ ಅಥವಾ ಸೀಳು ಅಂಗುಳದ ಮಕ್ಕಳು ಹುಟ್ಟುತ್ತಾರೆ. ಗ್ರಹಣ ಕಂಡ ಊರಲ್ಲೂ ಹುಟ್ಟುತ್ತಾರೆ, ಗ್ರಹಣವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ದೇಶಗಳಲ್ಲೂ ಹುಟ್ಟುತ್ತಾರೆ.

ಒಂದು ಮನೆಯೊಳಗೆ ಕೂತು ನೋಡಿದರೆ ಇಂಥ ಕೊರತೆಗೆ ಕಾರಣ ಕಾಣುವುದಿಲ್ಲ. ಒಂದು ಕೂಸು, ಒಬ್ಬಳು ತಾಯಿ, ಬೇರೇನೂ ಇಲ್ಲ. ಹಾಗಾಗಿ ಕಾರಣ ಹುಡುಕುವ ಕಣ್ಣು ತಾಯಿಯ ಮೇಲೇ ನೆಡುತ್ತದೆ. ನೂರು ಮನೆ, ಸಾವಿರ ಮನೆ, ಲಕ್ಷ ಹೆರಿಗೆಗಳನ್ನು ಸಾಲಾಗಿಟ್ಟು ಯಾರಾದರೂ ಲೆಕ್ಕ ಹಾಕಿದಾಗಲೇ ಬೇರೆ ಕಾರಣಗಳು ಒಂದೊಂದಾಗಿ ಕಾಣುತ್ತವೆ: ಒಂದು ವೈರಾಣು, ಒಂದು ಮಾತ್ರೆ, ಆಕಾಶದಿಂದ ಸುರಿದ ಔಷಧಿ, ಊಟದಲ್ಲಿ ಸಾಲದೇ ಹೋದ ಒಂದು ಜೀವಸತ್ವ, ಮೂರು ತಲೆಮಾರಿನಿಂದ ರಕ್ತದಲ್ಲಿ ಹರಿದು ಬಂದ ಒಂದು ಜೀನು. ಸಾರ್ವಜನಿಕ ಆರೋಗ್ಯ ಸಂಶೋಧನೆ ಎಂದು ದೊಡ್ಡ ಹೆಸರಿಟ್ಟು ಕರೆಯುವ ಕೆಲಸದ ತಿರುಳು ಇಷ್ಟೇ. ಅದು ಎಣಿಸುತ್ತದೆ, ಹೋಲಿಸುತ್ತದೆ, ಹೊಣೆಯನ್ನು ತಾಯಿಯ ತಲೆಯಿಂದ ಇಳಿಸಿ ಅದು ಇರಬೇಕಾದ ಕಡೆ ಇಡುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2,40,000 ಹಸುಗೂಸುಗಳು ಹುಟ್ಟಿದ 28 ದಿನದೊಳಗೆ ಜನ್ಮಜಾತ ನ್ಯೂನತೆಗಳಿಂದ ಸಾಯುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟೂ ತಾಯಂದಿರು ಯಾವುದೋ ಗ್ರಹಣದಲ್ಲಿ ಕತ್ತಿ ಹಿಡಿದಿದ್ದರೇ?

ತಾಯಂದಿರನ್ನು ದೂರುವ ಬದಲು ಅವರ ಮಾತಿಗೆ ಕಿವಿಗೊಟ್ಟ ವೈದ್ಯನೊಬ್ಬನಿಂದಲೇ ಈ ವಿದ್ಯೆಯ ದೊಡ್ಡ ಅಧ್ಯಾಯ ಶುರುವಾದದ್ದು. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಹುಟ್ಟುತ್ತಲೇ ಕಣ್ಣಿಗೆ ಪೊರೆ ಬಂದ ಕೂಸುಗಳನ್ನು ಒಂದರ ಹಿಂದೊಂದರಂತೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಸರದಿಗಾಗಿ ಕೂತ ತಾಯಂದಿರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಅವರ ಕಿವಿಗೆ ಬಿತ್ತಂತೆ: ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ದಡಾರದಂಥ ಗುಳ್ಳೆ ಎದ್ದಿತ್ತು ಎಂದು. ಗ್ರೆಗ್ ವಿಚಾರಿಸುತ್ತ ಹೋದರು, 78 ಮಕ್ಕಳ ವಿವರ ಕಲೆಹಾಕಿದರು. ಬಹುಪಾಲು ತಾಯಂದಿರಿಗೆ ರುಬೆಲ್ಲಾ ಆಗಿತ್ತು. ಕಣ್ಣಿನ ಪೊರೆ, ಕಿವುಡು, ಹೃದಯದ ತೂತು ಈ ಮೂರನ್ನೂ ಒಟ್ಟಿಗೆ ತರಬಲ್ಲ ಸೋಂಕು ಅದು. ಇಪ್ಪತ್ತು ವರ್ಷದ ಬಳಿಕ, 1961ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನ ವಿಡುಕಿಂಡ್ ಲೆಂಜ್ ಕೈಕಾಲು ಬೆಳೆಯದೆ ಹುಟ್ಟಿದ ಮಕ್ಕಳ ಮನೆಗಳಿಗೆ ಹೋಗಿ ತಾಯಂದಿರನ್ನು ಮಾತಾಡಿಸಿದರು. ಅವರು ನುಂಗಿದ್ದ ಥಾಲಿಡೊಮೈಡ್ ಮಾತ್ರೆ ಅದೇ ನವೆಂಬರ್‌ನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹೊರಬಿತ್ತು. ಅಷ್ಟರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹಾಗೆ ಹುಟ್ಟಿಯಾಗಿತ್ತು. ಯುರೋಪ್, ಅಮೆರಿಕಗಳಲ್ಲಿ ಹುಟ್ಟು ನ್ಯೂನತೆಗಳಿಗೆಂದೇ ನೋಂದಣಿ ಪುಸ್ತಕಗಳು ಬೇರೂರಿದ್ದು ಆ ಪೆಟ್ಟಿನ ನಂತರ.

ಗ್ರೆಗ್ ಕಂಡುಕೊಂಡ ಸತ್ಯ ನಮ್ಮ ಹಳ್ಳಿಗಳ ಶಾಲೆಯ ಬಾಗಿಲಿಗೆ ಬರಲು ಮುಕ್ಕಾಲು ಶತಮಾನ ಬೇಕಾಯಿತು. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಬೆಂಗಳೂರಿನಿಂದಲೇ ಆರಂಭವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ಆಗ ಶಾಲೆಯಲ್ಲಿ ಸಾಲು ನಿಂತ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ, ಕೆಲವರು ತಾಯಿಯೂ ಆಗಿದ್ದಾರೆ. ಅಂದು ವಾಟ್ಸ್‌ಆ್ಯಪ್ ಗಾಳಿಸುದ್ದಿಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳಿಸದೆ ಉಳಿಸಿಕೊಂಡ ಮನೆಗಳೂ ಇದ್ದವು. ಅಂಥ ಮನೆಯ ಹುಡುಗಿಗೆ ಮದುವೆಗೆ ಮುಂಚೆಯೇ ವೈದ್ಯರನ್ನು ಕೇಳಿ ಆ ಲಸಿಕೆ ಹಾಕಿಸುವುದು ಒಳ್ಳೆಯದು. ಬಸುರಾದ ಮೇಲೆ ಅದನ್ನು ಕೊಡುವಂತಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಈ ವಿಷಯದ ಅತ್ಯಂತ ನೋವಿನ ಪಾಠ ನಡೆದದ್ದು ಗಡಿಯಾಚೆ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ. ಕನ್ನಡ, ತುಳು ಆಡುವ ಜನ, ಅಡಿಕೆ ತೋಟಗಳು, ಗುಡ್ಡ ಕೊರೆದು ನೀರು ತರುವ ಸುರಂಗಗಳು, ಮೇಲೆ ಗುಡ್ಡದ ತಲೆಯಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಪು. ಗೇರಿಗೆ ಕಾಟ ಕೊಡುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ಗುಡ್ಡದ ಮೇಲೇ ಉಳಿಯುವುದುಂಟೇ? ಕೆಳಗಿನ ತೋಡು, ಬಾವಿ, ಸುರಂಗ, ಅಂಗಳದಲ್ಲಿ ಒಣಹಾಕಿದ ಅಡಿಕೆ, ಮೇಯಲು ಬಿಟ್ಟ ದನ ಎಲ್ಲವೂ ಅದರ ದಾರಿಯಲ್ಲಿದ್ದವು. ಊರಿನವರು ಮೊದಲು ಗಮನಿಸಿದ್ದು ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಆ ಬಗ್ಗೆ ಬರೆದರು. ಅದೇ ಊರಿನಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯದ, ಅಂಗವೈಕಲ್ಯದ, ಅಪಸ್ಮಾರದ ಮಕ್ಕಳು ಮಿತಿಮೀರಿ ಇರುವುದನ್ನು ಕಂಡರು. ಹಳ್ಳಿಯ ಒಬ್ಬ ವೈದ್ಯ, ಮನೆಮನೆಯ ಪರಿಚಯ, ಕೈಯಲ್ಲೊಂದು ಪಟ್ಟಿ. ಅಲ್ಲಿನ ಸಂಶೋಧನೆ ಶುರುವಾದದ್ದು ಅಷ್ಟರಿಂದಲೇ.

ಅದಕ್ಕೂ ಮೊದಲು ಆ ಮನೆಗಳಲ್ಲಿ ಕಾರಣ ಹುಡುಕಿದ್ದು ದೈವದ ಮುನಿಸಿನಲ್ಲಿ, ನಾಗದೋಷದಲ್ಲಿ, ಹೆತ್ತವಳಲ್ಲಿ. ಕರಾವಳಿಯ ಬದುಕನ್ನು ಬಲ್ಲವರಿಗೆ ಇದು ಹೊಸತಲ್ಲ. ಪಟ್ಟಿ ದೊಡ್ಡದಾದಂತೆ ಅನುಮಾನ ಗುಡ್ಡದ ಕಡೆ ತಿರುಗಿತು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ಸಿಂಪಡಣೆಗೆ ತಾತ್ಕಾಲಿಕ ತಡೆ ತಂದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿತು. ಹೋಲಿಕೆಗೆ ಸಿಂಪಡಣೆ ಇಲ್ಲದ ಮೀಂಜ ಪಂಚಾಯಿತಿಯ ಮಕ್ಕಳನ್ನು ತೆಗೆದುಕೊಂಡಿತು.

ಆ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಅಂಕಿಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಪಡ್ರೆಯ ಕಡೆಯ 117 ಗಂಡುಮಕ್ಕಳು, ಹೋಲಿಕೆಯ 90 ಗಂಡುಮಕ್ಕಳು, ಎಲ್ಲರೂ 10ರಿಂದ 19 ವರ್ಷದವರು. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಶೇ 78ರಷ್ಟು ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು, ಹೋಲಿಕೆಯವರಲ್ಲಿ ಶೇ 29. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಇನ್ನು ಹುಟ್ಟಿನಿಂದ ಬಂದ ನ್ಯೂನತೆ: ವೃಷಣ ಕೆಳಗಿಳಿಯದಿರುವುದಕ್ಕೆ ಸಂಬಂಧಿಸಿದ ತೊಂದರೆಗಳು ಪಡ್ರೆಯಲ್ಲಿ ಶೇ 5.1, ಹೋಲಿಕೆಯಲ್ಲಿ ಶೇ 1.1. ಹೆಚ್ಚುಕಡಿಮೆ ಐದು ಪಟ್ಟು ವ್ಯತ್ಯಾಸ! ಆದರೂ ಸಂಶೋಧಕರು ಇದನ್ನು ಖಚಿತ ಎಂದು ಬರೆಯಲಿಲ್ಲ. ಬರೆಯುವಂತಿರಲಿಲ್ಲ. ಶೇಕಡಾವಾರನ್ನು ತಲೆಯೆಣಿಕೆಗೆ ಇಳಿಸಿದರೆ ಅದು 117ರಲ್ಲಿ ಆರು ಹುಡುಗರು, 90ರಲ್ಲಿ ಒಬ್ಬ. ಇಷ್ಟು ಸಣ್ಣ ಲೆಕ್ಕದಲ್ಲಿ ಇಂಥ ಅಂತರ ಆಕಸ್ಮಿಕವಾಗಿಯೂ ಬರಬಹುದು ಎನ್ನುತ್ತದೆ ಸಂಖ್ಯಾಶಾಸ್ತ್ರ. ಕೀಟನಾಶಕದ ಪರ ವಾದಿಸುವವರಿಗೆ ವರ್ಷಗಟ್ಟಲೆ ಜಗ್ಗಾಡಲು ಬೇಕಾದ ಹಗ್ಗ ಸಿಕ್ಕಿದ್ದು ಇಂಥ ಕಡೆಗಳಲ್ಲೇ.

ಸಂಶೋಧಕರ ಆ ಎಚ್ಚರಿಕೆಯ ಬಗ್ಗೆ ನನಗೆ ಗೌರವವಿದೆ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಮೊದಲ ಹೆಲಿಕಾಪ್ಟರ್ ಹಾರುವ ಮುಂಚಿನ ವರ್ಷಗಳಿಂದ ಆ ಊರುಗಳಲ್ಲಿ ಹುಟ್ಟಿದ, ಸತ್ತು ಹುಟ್ಟಿದ, ಕೊರತೆಯಿಂದ ಹುಟ್ಟಿದ ಮಕ್ಕಳ ಒಂದು ಸರಳ ಪುಸ್ತಕ ಇದ್ದಿದ್ದರೆ, ಆರಕ್ಕೂ ಒಂದಕ್ಕೂ ಎಷ್ಟು ಅಂತರ ಎಂದು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಎರಡು ದಶಕದ ಸಾವಿರಾರು ಹೆರಿಗೆಗಳೇ ಉತ್ತರ ಹೇಳುತ್ತಿದ್ದವು. ವಿಷ ಸುರಿಯುವವರಿಗೆ ಲೀಟರಿನ ಲೆಕ್ಕ ಇತ್ತು, ಗೇರುಬೀಜದ ಲೆಕ್ಕ ಇತ್ತು. ಮಕ್ಕಳ ಲೆಕ್ಕ ಮಾತ್ರ ಒಬ್ಬ ಹಳ್ಳಿ ವೈದ್ಯನ ಪಟ್ಟಿಯಲ್ಲಿತ್ತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ ನಿಲ್ಲಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಅದೇ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಗೇರು ನಿಗಮದ ತೋಪುಗಳಿಗೆ ಇದೇ ಔಷಧಿ ಆಕಾಶದಿಂದ ಬಿದ್ದಿತ್ತು. ಅಲ್ಲಿ ಹಾಸಿಗೆ ಹಿಡಿದ ಮಕ್ಕಳು ಈಗ ನಡುವಯಸ್ಸಿಗೆ ಬರುತ್ತಿದ್ದಾರೆ, ಅವರನ್ನು ಎತ್ತಿ ಕೂರಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ.

ಪಡ್ರೆಯನ್ನು ನೆನೆದಾಗ ಹಂದಿಗೋಡನ್ನೂ ನೆನೆಯಬೇಕು, ಏಕೆಂದರೆ ಅಲ್ಲಿ ಅನುಮಾನ ತಿರುಗಿದ್ದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿ ಸವೆದು ನಡೆಯಲಾಗದವರು, ಬೆಳವಣಿಗೆ ಕುಂಠಿತವಾದವರು ಗುಂಪಾಗಿ ಕಂಡುಬಂದರು. ಹೆಚ್ಚಿನವರು ಚಲವಾದಿ ಮತ್ತು ಚನ್ನಂಗಿ ಸಮುದಾಯದ ಬಡ ಕೂಲಿಗಳು. ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಗಿರಬಹುದು ಎಂಬ ಗುಮಾನಿ ಮೊದಲು ಎದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ, ಕಾಯಿಲೆ ಕೆಲವು ಮನೆತನಗಳಲ್ಲೇ ಸುತ್ತುತ್ತಿದೆ ಎಂದು 1977ರಲ್ಲಿ ಬರೆದರು. ಆಮೇಲೆ ಮನೆತನಗಳ ವಂಶವೃಕ್ಷ ಬಿಡಿಸಿ, ಎಕ್ಸ್‌ರೇ ಹೋಲಿಸಿ ನೋಡಿದಾಗ ಅದು ಮೂಳೆಯ ಬೆಳವಣಿಗೆಯನ್ನೇ ತಪ್ಪಿಸುವ ಆನುವಂಶಿಕ ಕಾಯಿಲೆ, ತಂದೆ ಅಥವಾ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಎಂಬುದು ಸ್ಪಷ್ಟವಾಯಿತು. ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಅದೇ ಕಾಯಿಲೆ ಇತ್ತು. ಒಂದು ಕಡೆ ಶಾಪವೆಂದುಕೊಂಡದ್ದರ ಹಿಂದೆ ಸಿಂಪಡಣೆಯ ಸುಳಿವು, ಇನ್ನೊಂದು ಕಡೆ ಔಷಧಿಯೆಂದುಕೊಂಡದ್ದು ರಕ್ತದಲ್ಲಿ ಬಂದದ್ದು. ಊಹೆ ಎಷ್ಟೇ ಬಲವಾಗಿರಲಿ, ಎಣಿಸದೆ ಹೋಲಿಸದೆ ಹೇಳುವಂತಿಲ್ಲ. ಹಂದಿಗೋಡಿನವರಿಗೆ ಕಾಯಿಲೆಯ ಹೆಸರು ಸಿಕ್ಕಿತು, ಗುಣಪಡಿಸುವ ಮದ್ದು ಸಿಗಲಿಲ್ಲ. ಪರೀಕ್ಷೆಗೆ ರಕ್ತ ಕೊಟ್ಟವರಿಗೆ ಅದರ ಫಲಿತಾಂಶವನ್ನು ಅವರ ಮಾತಿನಲ್ಲೇ ಕೂರಿಸಿ ಹೇಳುವುದು, ನೋವಿಗೆ, ಸೊಂಟದ ಶಸ್ತ್ರಚಿಕಿತ್ಸೆಗೆ, ಹೊಟ್ಟೆಪಾಡಿಗೆ ದಾರಿ ಮಾಡುವುದು ಸಂಶೋಧನೆಯ ಹೊರಗಿನ ಕೆಲಸ ಎಂದು ನಾನು ಒಪ್ಪುವುದಿಲ್ಲ.

ರಕ್ತದ ಮಾತು ಬಂದ ಮೇಲೆ ಹಾಸನದ ಕಡೆಯ ಮದುವೆಗಳ ಮಾತು ಬಿಡಲಾಗದು. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು, ‘ಗೊತ್ತಿರೋ ಮನೆ, ಜಮೀನು ಹೊರಗೆ ಹೋಗಲ್ಲ, ಮಗಳು ಕಣ್ಮುಂದೇನೇ ಇರ್ತಾಳೆ’ ಎನ್ನುವ ಲೆಕ್ಕ ಹಳೆ ಮೈಸೂರಿನ ಉದ್ದಕ್ಕೂ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ, ವೈದ್ಯೆ ರಾಧಾ ರಮಾದೇವಿ ಮತ್ತು ಬ್ರಿಟನ್ನಿನ ತಳಿವಿಜ್ಞಾನಿ ಅಲನ್ ಬಿಟಲ್ಸ್ ಕೂಡಿ ಕರ್ನಾಟಕದಲ್ಲಿ ದೊಡ್ಡದೊಂದು ಕೆಲಸ ಮಾಡಿದರು. 98,256 ನವಜಾತ ಶಿಶುಗಳ ರಕ್ತದ ಹನಿ ತೆಗೆದು, ಆಹಾರದ ಅಮೈನೊ ಆಮ್ಲಗಳನ್ನು ದೇಹ ಸರಿಯಾಗಿ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆಗಳಿಗಾಗಿ ಪರೀಕ್ಷಿಸಿದರು. ಜೊತೆಗೆ ತಂದೆತಾಯಿಯ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಬೆಂಗಳೂರು, ಮೈಸೂರಿನಂಥ ಶಹರಗಳಲ್ಲೂ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ಸಂಬಂಧದೊಳಗೇ ಆಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪಾಲು ಶೇ 27ರಷ್ಟು, ದೇಶದಲ್ಲಿ ತಮಿಳುನಾಡಿನ ಜೊತೆ ಮುಂಚೂಣಿಯಲ್ಲಿ.

ಇಲ್ಲಿ ಎರಡು ಬಗೆಯ ತಪ್ಪು ಮಾತುಗಳನ್ನು ಕೇಳುತ್ತೇವೆ. ಏನೂ ಆಗುವುದಿಲ್ಲ, ನಮ್ಮ ಅಜ್ಜಿ ತಾತ ಇಲ್ಲವೇ ಎಂಬುದೊಂದು. ಸಂಬಂಧದಲ್ಲಿ ಆದರೆ ಮಗು ಹಾಳಾಯಿತು ಎಂಬುದು ಇನ್ನೊಂದು. ಲೆಕ್ಕ ಎರಡನ್ನೂ ಒಪ್ಪುವುದಿಲ್ಲ. ಯಾವ ದಂಪತಿಗಾದರೂ ಗಣನೀಯ ಹುಟ್ಟು ನ್ಯೂನತೆಯ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದಕ್ಕೆ ಇನ್ನೆರಡು ಮೂರು ಸೇರುತ್ತದೆ. ಸೋದರಮಾವ, ಅಕ್ಕನ ಮಗಳ ನಡುವೆ ರಕ್ತ ಇನ್ನೂ ಹತ್ತಿರ: ಒಂದೇ ಮೂಲದ ಜೀನಿನ ಎರಡು ಪ್ರತಿ ಮಗುವಿಗೆ ಬರುವ ಸಂಭವ ಅತ್ತೆ ಮಾವಂದಿರ ಮಕ್ಕಳಲ್ಲಿ ಹದಿನಾರರಲ್ಲಿ ಒಂದಾದರೆ ಇಲ್ಲಿ ಎಂಟರಲ್ಲಿ ಒಂದು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಈಗಾಗಲೇ ಹುಟ್ಟುಕಿವುಡರೋ ಬೆಳವಣಿಗೆ ನಿಂತ ಮಗುವೋ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ಜಾತಕದ ಜೊತೆಗೆ ತಳಿ ಸಲಹೆಯನ್ನೂ ಕೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಎತ್ತಿಕೊಂಡು ಹೋಗುವ ದಂಪತಿಗಳು ಆ ಮಾತನ್ನು ಮದುವೆಗೆ ಮೊದಲೇ ಯಾರಾದರೂ ಹೇಳಬಾರದಿತ್ತೇ ಎಂದುಕೊಂಡರೆ ಅದರಲ್ಲಿ ತಪ್ಪೇನಿದೆ? ಇನ್ನೊಂದನ್ನೂ ಹೇಳಲೇಬೇಕು. ಇಂಥ ಕಾಯಿಲೆಗೆ ಜೀನು ಎರಡೂ ಕಡೆಯಿಂದ ಬರಬೇಕು. ದೂರುವುದೇ ಆದರೆ ಅರ್ಧ ಪಾಲು ಗಂಡನದ್ದು, ಗಂಡನ ಮನೆಯದ್ದು. ಆ ಅರ್ಧದ ಮಾತು ಜಗಲಿಯಲ್ಲಿ ಏಕೆ ಏಳುವುದಿಲ್ಲ?

ಇಷ್ಟರಲ್ಲೂ ನಾವು ಇವತ್ತೇ, ಕಟ್ಟಾಯದಲ್ಲೇ, ತಡೆಯಬಹುದಾದ ನ್ಯೂನತೆ ಒಂದಿದೆ. ಬೆನ್ನುಹುರಿ ಮುಚ್ಚಿಕೊಳ್ಳದೆ ಬೆನ್ನ ಮೇಲೆ ಗಂಟಿನಂತೆ ಹೊರಬರುವುದು, ತಲೆಬುರುಡೆಯೇ ಬೆಳೆಯದಿರುವುದು, ಇವನ್ನು ಒಟ್ಟಾಗಿ ನರನಾಳದ ನ್ಯೂನತೆ ಎನ್ನುತ್ತಾರೆ. ಬೆನ್ನುಹುರಿಯ ಮಗು ಬದುಕಿದರೂ ಎಷ್ಟೋ ಸಲ ಕಾಲಿಗೆ ಬಲವಿರುವುದಿಲ್ಲ, ಮಲಮೂತ್ರದ ಹಿಡಿತವಿರುವುದಿಲ್ಲ, ತಲೆಯಲ್ಲಿ ನೀರು ತುಂಬುತ್ತದೆ. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ ವಿಶ್ಲೇಷಣೆಗಳ ಪ್ರಕಾರ ಸಾವಿರ ಹೆರಿಗೆಗೆ ಸುಮಾರು ನಾಲ್ಕು ಇಂಥವು. ಇದರ ಮದ್ದು ಹೊಳೆದದ್ದೂ ಎಣಿಕೆಯಿಂದಲೇ. ಒಮ್ಮೆ ಇಂಥ ಮಗು ಹೆತ್ತ ತಾಯಂದಿರನ್ನು ಏಳು ದೇಶಗಳ 33 ಕೇಂದ್ರಗಳಲ್ಲಿ ಸೇರಿಸಿಕೊಂಡು, ಮುಂದಿನ ಬಸುರಿಗೆ ಮೊದಲೇ ಕೆಲವರಿಗೆ ಫೋಲಿಕ್ ಆಸಿಡ್ ಕೊಟ್ಟು ನೋಡಿದ ಬ್ರಿಟಿಷ್ ಸಂಶೋಧನೆ 1991ರಲ್ಲಿ ಹೊರಬಂತು. ನ್ಯೂನತೆ ಶೇ 72ರಷ್ಟು ತಗ್ಗಿತ್ತು. ಮರುವರ್ಷ ಹಂಗೆರಿಯ ಎಂಡ್ರೆ ಸೈಜೆಲ್ ಹಿಂದೆ ಇಂಥ ಮಗು ಹೆರದವರಲ್ಲೂ ಈ ಜೀವಸತ್ವ ಇರುವ ಮಾತ್ರೆ ಕಾಪಾಡುತ್ತದೆ ಎಂದು ತೋರಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಥದ್ದೇ ಪರೀಕ್ಷೆ ನಡೆಸುತ್ತಿತ್ತು. ಬ್ರಿಟನ್ನಿನ ಉತ್ತರ ಬಂದ ಮೇಲೆ ಕೆಲವರಿಗೆ ಮಾತ್ರೆ ಕೊಡದೆ ಕಾದು ನೋಡುವುದು ಅನ್ಯಾಯವೆಂದು ಅದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಅಮೆರಿಕ 1998ರಿಂದ ಹಿಟ್ಟಿನಲ್ಲೇ ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು.

ಮದ್ದು ಗೊತ್ತಾಗಿ ಮೂರು ದಶಕ ಮೀರಿದರೂ ನಮ್ಮಲ್ಲಿ ಈ ಮಕ್ಕಳು ಹುಟ್ಟುತ್ತಲೇ ಇದ್ದಾರೆ. ಕಾರಣ ಕ್ಯಾಲೆಂಡರಿನಲ್ಲಿದೆ. ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಅಷ್ಟು ಹೊತ್ತಿಗೆ ಮುಟ್ಟು ನಿಂತು ಎರಡು ವಾರ ಆಗಿರುತ್ತದೆ ಅಷ್ಟೆ. ಹೊಸ ಸೊಸೆ ಅತ್ತೆಗೆ ಹೇಳಿ, ಅತ್ತೆ ಗಂಡನಿಗೆ ಹೇಳಿ, ಆಶಾ ಅಕ್ಕನಿಗೆ ಸುದ್ದಿ ಮುಟ್ಟಿ, ತಾಯಿ ಕಾರ್ಡ್ ಆಗುವ ಹೊತ್ತಿಗೆ ಎರಡೋ ಮೂರೋ ತಿಂಗಳು. ‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳಾಣ, ದೃಷ್ಟಿ ಆಗುತ್ತೆ’ ಎನ್ನುವ ಮನೆಗಳೇ ಹೆಚ್ಚು. ಆಶಾ ಕಾರ್ಯಕರ್ತೆ ಮಾತ್ರೆಯನ್ನು ತಪ್ಪದೆ ಕೊಡುತ್ತಾಳೆ, ತಾಯಿ ತಪ್ಪದೆ ನುಂಗುತ್ತಾಳೆ. ರಕ್ತಹೀನತೆಗೆ ಅದರಿಂದ ಉಪಕಾರವಿದೆ. ಬೆನ್ನುಹುರಿಯ ಬಾಗಿಲು ಮಾತ್ರ ಅಷ್ಟರಲ್ಲಿ ಮುಚ್ಚಿಯೋ ಮುಚ್ಚದೆಯೋ ಮುಗಿದಿರುತ್ತದೆ. 2018ರ ಅನೀಮಿಯಾ ಮುಕ್ತ ಭಾರತ ಮಾರ್ಗಸೂಚಿಯಲ್ಲಿ, ಬಸುರಿಗೆ ಸಿದ್ಧವಾಗುವ ಹೆಂಗಸರು ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು ಎಂದು ಬರೆದಿದೆ. ಆದರೆ ಬಸುರಾಗುವ ಮುಂಚೆ ಆರೋಗ್ಯ ಕೇಂದ್ರದ ಬಾಗಿಲು ತಟ್ಟಲು ಹೊಸ ಮದುಮಗಳಿಗೆ ನೆಪವಾದರೂ ಏನಿದೆ? ಮಾತ್ರೆಯೇ ಅವಳ ಬಳಿಗೆ ಹೋಗಬೇಕು. ಮದುವೆ ನೋಂದಣಿಯಾದಾಗ, ಲಗ್ನಪತ್ರಿಕೆ ಬಂದಾಗ, ಆ ವರ್ಷ ಊರಿಗೆ ಬಂದ ಸೊಸೆಯರ ಪಟ್ಟಿ ಹಿಡಿದು.

ನಮ್ಮ ಊಟದಲ್ಲಿ ಫೋಲೇಟ್ ಇಲ್ಲವೇ? ಇದೆ. ಅವರೆ, ಹಲಸಂದೆ, ದಂಟು, ಹರಿವೆ ಎಲ್ಲದರಲ್ಲೂ ಇದೆ. ಬೇಯಿಸಿದಾಗ ಅರ್ಧಕ್ಕರ್ಧ ನೀರಿಗಿಳಿಯುತ್ತದೆ, ಶಾಖಕ್ಕೂ ಹಾಳಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡುವ ಬಸ್ಸಾರಿನ ಪದ್ಧತಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಆದರೂ ನರನಾಳವನ್ನು ಕಾಪಾಡಲು ಬೇಕಾದ ಮಟ್ಟವನ್ನು ಬರೀ ಸೊಪ್ಪಿನಿಂದ ಮುಟ್ಟುವುದು ಕಷ್ಟ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ರಕ್ತ ಪರೀಕ್ಷಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರತಂದಿತು. ಫೋಲೇಟ್ ತೀರಾ ಕಡಿಮೆ ಇದ್ದವರು ಶೇ 4 ಮಾತ್ರ, ಬಿ12 ಕಡಿಮೆ ಇದ್ದವರು ಶೇ 43. ಫೋಲೇಟ್ ಕೆಲಸ ಮಾಡಲು ಬಿ12 ಬೇಕು, ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ಡೇರಿಗೆ ಹಾಲು ಹಾಕಿ ಮನೆಗೆ ಟೀಗಷ್ಟೇ ಉಳಿಸುವ ಜಿಲ್ಲೆಯಲ್ಲಿ ಇದು ಯೋಚಿಸಬೇಕಾದ ಅಂಕಿ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಮೂರೂ ಇವೆ. ಪ್ಲಾಸ್ಟಿಕ್ ಅಕ್ಕಿ ಎಂದು ಅದರ ಕಾಳುಗಳನ್ನು ಆರಿಸಿ ಎಸೆಯುವವರು ದಯವಿಟ್ಟು ಎಸೆಯಬೇಡಿ. ಹಾಗೆಂದು ಅದನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ನಿಯಮದ ಪ್ರಕಾರ ಕಿಲೋಗೆ 75ರಿಂದ 125 ಮೈಕ್ರೊಗ್ರಾಂ ಫೋಲಿಕ್ ಆಸಿಡ್, ಅಂದರೆ ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ ಹೆಚ್ಚೆಂದರೆ ಮೂವತ್ತರ ಆಸುಪಾಸು. ಮುದ್ದೆ ಉಣ್ಣುವ ನಾಡಿಗೆ ಅದೂ ಪೂರ್ತಿ ಸಿಗದು. ಒಮ್ಮೆ ಇಂಥ ಮಗು ಹೆತ್ತವಳಿಗಂತೂ ಮುಂದಿನ ಬಸುರಿಗೆ ಮೊದಲೇ ಹತ್ತು ಪಟ್ಟು ಹೆಚ್ಚಿನ ಪ್ರಮಾಣ ಬೇಕು. ಅದನ್ನು ವೈದ್ಯರೇ ಬರೆದುಕೊಡಬೇಕು.

ಹುಟ್ಟಿದ ಮೇಲೆ ಕಂಡುಹಿಡಿಯುವ ವ್ಯವಸ್ಥೆ ಈಗ ಮೊದಲಿನಷ್ಟು ಬಡವಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತವೆ. ಸೀಳುತುಟಿ, ಸೊಟ್ಟಪಾದ, ಹುಟ್ಟು ಹೃದ್ರೋಗ, ಹುಟ್ಟುಕಿವುಡು, ಕಣ್ಣಿನ ಪೊರೆ ಸೇರಿ ಒಂಬತ್ತು ಬಗೆಯ ನ್ಯೂನತೆ ಅವರ ಪಟ್ಟಿಯಲ್ಲಿವೆ. ಸೊಟ್ಟಪಾದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಪಟ್ಟಿ ಹಾಕಿದರೆ ಪಾದ ನೆಟ್ಟಗಾಗುತ್ತದೆ. ಆಮೇಲೆ ಮೊದಮೊದಲು ಹಗಲೂ ರಾತ್ರಿಯೂ, ಬಳಿಕ ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಹೊತ್ತು ವಿಶೇಷ ಬೂಟು ಹಾಕಬೇಕು. ಮಗು ಅಳುತ್ತದೆಂದು ಬೂಟು ಬಿಚ್ಚಿಟ್ಟ ಮನೆಯಲ್ಲಿ ಪಾದ ಮತ್ತೆ ಸೊಟ್ಟಗಾಗುತ್ತದೆ.

ಆದರೆ ಈ ಪಟ್ಟಿಗೆ ಬರುವುದು ಬದುಕಿ ಉಳಿದು ತಂಡದ ಕಣ್ಣಿಗೆ ಬಿದ್ದ ಮಕ್ಕಳು. ಸತ್ತು ಹುಟ್ಟಿದವು, ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ತಲೆಬುರುಡೆ ಇಲ್ಲವೆಂದು ತಿಳಿದು ತೆಗೆಸಿದ ಗರ್ಭಗಳು ಇದರೊಳಗೆ ಸೇರುವುದಿಲ್ಲ. ನರನಾಳದ ನ್ಯೂನತೆಯಲ್ಲಿ ಅವೇ ದೊಡ್ಡ ಪಾಲು. ಈಗ ಹಾಸನದ ಒಂದು ಪ್ರಶ್ನೆ ಎತ್ತಿಕೊಳ್ಳೋಣ. ಇಲ್ಲಿ ಆಲೂಗಡ್ಡೆಯ ಅಂಗಮಾರಿಗೆ ಮ್ಯಾಂಕೋಜೆಬ್ ಹೊಡೆಯುವುದು ವಾಡಿಕೆ. ಸಂತಾನಕ್ಕೆ ಹಾನಿಕರವೆಂಬುದೂ ಸೇರಿದಂತೆ ಹಲವು ಕಾರಣ ಕೊಟ್ಟು ಐರೋಪ್ಯ ಒಕ್ಕೂಟ 2020ರಲ್ಲಿ ಅದರ ಪರವಾನಗಿ ಮುಂದುವರಿಸದಿರಲು ತೀರ್ಮಾನಿಸಿತು. ಇದನ್ನು ಓದಿ ನಮ್ಮ ಹೊಲದ ಔಷಧಿಯಿಂದಲೇ ಮಕ್ಕಳಿಗೆ ಹೀಗಾಗಿದೆ ಎಂದು ಯಾರೂ ತೀರ್ಪು ಕೊಡಬಾರದು. ಹಂದಿಗೋಡಿನ ಏಡಿಯನ್ನು ಮರೆಯಬಾರದು. ಏನೂ ಆಗಿಲ್ಲ ಎಂದು ಕೈ ಕೊಡವಿಕೊಳ್ಳಲೂಬಾರದು, ಪಡ್ರೆಯ ಕರುಗಳಿವೆ. ಗಂಡ ಔಷಧಿ ಹೊಡೆಯುವಾಗ ನೀರು ಹೊತ್ತು ಕೊಡುವ, ಅವನ ಬಟ್ಟೆ ಒಗೆಯುವ ಹೆಂಗಸು ಆ ತಿಂಗಳು ಬಸುರಿಯೋ ಅಲ್ಲವೋ ಅವಳಿಗೇ ಗೊತ್ತಿರುವುದಿಲ್ಲ.

ಅದಕ್ಕೇ ಒಂದು ಜಿಲ್ಲಾ ನೋಂದಣಿ ಬೇಕು ಎಂದು ನಾನು ವಾದಿಸುತ್ತೇನೆ. ಹಾಸನದಲ್ಲಿ ವೈದ್ಯಕೀಯ ಕಾಲೇಜಿದೆ, ಸಮುದಾಯ ವೈದ್ಯಶಾಸ್ತ್ರದ ವಿಭಾಗವಿದೆ, ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಸರ್ಕಾರಿ ಆಸ್ಪತ್ರೆಗಳ ಜೊತೆಗೆ ಖಾಸಗಿ ನರ್ಸಿಂಗ್ ಹೋಮು, ಸ್ಕ್ಯಾನಿಂಗ್ ಸೆಂಟರುಗಳೂ ಹೆಸರು ಬಯಲಾಗದಂತೆ ವಿವರ ಕೊಡಬೇಕು. ಸತ್ತು ಹುಟ್ಟಿದ್ದನ್ನೂ ತೆಗೆಸಿದ್ದನ್ನೂ ಬರೆಯಬೇಕು. ಇದರಲ್ಲಿ ನಮ್ಮ ಕಡೆಯದ್ದೇ ಒಂದು ತೊಡಕಿದೆ, ಹೊರಗಿನ ಮಾದರಿ ತಂದು ಹಚ್ಚಿದರೆ ಅದು ಕೈಗೆ ಸಿಗುವುದಿಲ್ಲ. ಮೊದಲ ಹೆರಿಗೆ ತವರಿನಲ್ಲಿ. ಕಟ್ಟಾಯದ ಸೊಸೆ ಹೆರುವುದು ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದ ಸೊಸೆ ಹೆರುವುದು ಗೊರೂರಿನ ತವರಿಗೆ ಬಂದು ಹಾಸನದಲ್ಲಿ. ಕೂಸಿನ ತುಟಿ, ಬೆನ್ನು, ಹೃದಯ ರೂಪುಗೊಂಡ ಮೊದಲ ಮೂರು ತಿಂಗಳು ಅವಳು ಇದ್ದದ್ದು ಗಂಡನ ಮನೆಯಲ್ಲಿ, ಅಲ್ಲಿನ ನೀರು ಕುಡಿದು, ಅಲ್ಲಿನ ಹೊಲದಲ್ಲಿ ದುಡಿದು, ಕೆಲವರು ಸಕಲೇಶಪುರದ ಕಾಫಿ ತೋಟದ ಲೈನಿನಲ್ಲಿ. ಹುಟ್ಟಿದ ಊರನ್ನಷ್ಟೇ ಬರೆದಿಟ್ಟರೆ ಲೆಕ್ಕವೆಲ್ಲ ತವರಿನ ಖಾತೆಗೆ ಹೋಗಿ, ಕಾರಣ ಗಂಡನ ಊರಿನಲ್ಲಿ ಉಳಿಯುತ್ತದೆ. ತಾಯಿ ಕಾರ್ಡಿನ ಸಂಖ್ಯೆ ಎಲ್ಲಿಗೆ ಹೋದರೂ ಅವಳ ಜೊತೆಗೇ ಹೋಗುತ್ತದೆ. ಅದರಲ್ಲಿ ಮೊದಲ ಮೂರು ತಿಂಗಳು ಇದ್ದ ಊರು ಯಾವುದು, ಮಾಡುತ್ತಿದ್ದ ಕೆಲಸ ಏನು, ನುಂಗಿದ ಮಾತ್ರೆ ಯಾವುದು, ಗಂಡ ಸಂಬಂಧಿಯೇ ಎಂಬ ನಾಲ್ಕು ಪ್ರಶ್ನೆಗೆ ಜಾಗ ಮಾಡಿದರೆ ಆಯಿತು. ಕೂಸಿನ ಕಾಲು, ಬೆನ್ನು, ತುಟಿ, ಅಂಗುಳ ನೋಡಿದ ನರ್ಸಮ್ಮ ಹೆರಿಗೆ ವಾರ್ಡಿನಿಂದ ಬಿಡುಗಡೆಯ ಚೀಟಿ ಬರೆಯುವಾಗ ಅದನ್ನೂ ತುಂಬಬಹುದು.